ಚೆಕ್‌ಪೋಸ್ಟ್ ತಂಡದ ಎರಡನೇ ಕ್ಯಾಸೆಟ್ಟು

ಮನೆಯಲ್ಲಿ ಫ್ಯೂಸ್ ವೈರ್ ಹುಡುಕಲು ಹೊರಟರೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ ಎಂಬುದು ನಿಮಗೂ ಗೊತ್ತಿರಬೇಕು. ಹೋದ ತಿಂಗಳು ಅಟ್ಟದಿಂದ ಇಳಿಸಿದ ಬಿಸ್ಕತ್ತಿನ ಡಬ್ಬಿಯಲ್ಲಿ ಮೂರು ಬಲ್ಬ್ ಹೋಲ್ಡರು, ಯಾವ ಬೀಗದ್ದೆಂದು ತಿಳಿಯದ ಏಳೆಂಟು ಬೀಗದ ಕೈ, ನಮ್ಮಪ್ಪನ ಒಂದೇ ಕಾಲಿನ ಕನ್ನಡಕ ಮತ್ತು ಒಂದು ಕ್ಯಾಸೆಟ್ಟು ಇದ್ದವು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಮೂವರು ಯುವಕರು ಬಂಡೀಪುರದ ಚೆಕ್‌ಪೋಸ್ಟಿನ ಅಡ್ಡಗಂಬಕ್ಕೆ ಒರಗಿ ನಿಂತಿದ್ದಾರೆ. ಮೂವರಿಗೂ ಕಪ್ಪು ಕನ್ನಡಕ. ಫೋಟೋ ತೆಗೆದವನು ನಾನೇ ಆದ್ದರಿಂದ ಹೇಳಬಲ್ಲೆ, ಮಧ್ಯದವನು ಹಾಕಿಕೊಂಡಿರುವುದು ವೆಲ್ಡಿಂಗ್ ಅಂಗಡಿಯಿಂದ ಈಸಿಕೊಂಡು ಬಂದದ್ದು. ಅದರೊಳಗಿಂದ ಅವನಿಗೆ ಕ್ಯಾಮೆರಾ ಇರಲಿ, ಪಕ್ಕದವನೂ ಕಾಣುತ್ತಿರಲಿಲ್ಲ. ಹಾಗಾಗಿ ಕಾಡಿನ ಕಡೆ ಮುಖ ಮಾಡಿ ನಿಂತಿದ್ದಾನೆ. ನೋಡಿದವರು ಅದನ್ನು ಗಾಂಭೀರ್ಯ ಎಂದುಕೊಂಡರು.

“ಹಾಕಿ ಕೇಳೋಕೆ ಮನೇಲಿ ಏನೂ ಇಲ್ಲ. ಇದನ್ನ ಯಾಕೆ ಇಟ್ಕೊಂಡಿದೀರಿ?” ಎಂದಳು ನನ್ನ ಹೆಂಡತಿ.

“ಇರಲಿ ಬಿಡು” ಎಂದೆ. ಬದುಕಿಡೀ ಪತ್ರಿಕೆಯಲ್ಲಿ ದುಡಿದವನು ನಾನು. ‘ಇರಲಿ ಬಿಡಿ’ ಎಂದು ಎಷ್ಟು ಅಧಿಕಾರಿಗಳು ನನ್ನ ಪ್ರಶ್ನೆಗಳಿಂದ ಜಾರಿಕೊಂಡಿದ್ದಾರೋ ಲೆಕ್ಕವಿಲ್ಲ. ಅದು ಉತ್ತರವಲ್ಲ ಎಂಬುದು ನನಗೂ ಗೊತ್ತು. ಉತ್ತರ ಸ್ವಲ್ಪ ಉದ್ದವಿದೆ, ಅದಕ್ಕೇ ಬರೆಯಲು ಕೂತಿದ್ದೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಮೈಸೂರಿನ ಒಂದು ದಿನಪತ್ರಿಕೆಗೆ ನಾನು ಗುಂಡ್ಲುಪೇಟೆಯ ಅರೆಕಾಲಿಕ ವರದಿಗಾರ. ಚಾಮರಾಜನಗರದಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಅದೂ ನನ್ನ ಪಾಲಿಗೇ ಬಂದಿತ್ತು. ಕ್ಯಾಸೆಟ್ಟಿನ ಹೊದಿಕೆಯಲ್ಲಿ ಕಾಡು ನೋಡುತ್ತಿರುವವನು ಮಾದೇಶ, ನನ್ನ ಹೈಸ್ಕೂಲು ಸಹಪಾಠಿ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಅವನದು ಮೋಟರ್ ವೈಂಡಿಂಗ್ ಅಂಗಡಿ. ಸುತ್ತಲ ಹಳ್ಳಿಗಳಲ್ಲಿ ಸುಟ್ಟುಹೋದ ಪಂಪ್‌ಸೆಟ್ಟುಗಳೆಲ್ಲ ಅಲ್ಲಿಗೆ ಬಂದು ಸಾಲಾಗಿ ಮಲಗುತ್ತಿದ್ದವು. ಎಡಗಡೆಯವನು ಬೇಗೂರಿನ ಪುಟ್ಟಸ್ವಾಮಿ. ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಡ್ರಮ್ಮು ಬಾರಿಸುತ್ತಿದ್ದ. ಬಲಗಡೆಯವನು ಬಿಜು. ಅವನಪ್ಪ ಗುಂಡ್ಲುಪೇಟೆ ಮಾರುಕಟ್ಟೆಯಲ್ಲಿ ತರಕಾರಿ ಹಿಡಿದು ಕೇರಳಕ್ಕೆ ಲಾರಿ ತುಂಬಿಸುವ ವ್ಯಾಪಾರಿ. ಬಿಜು ಚರ್ಚಿನಲ್ಲಿ ಕೀಬೋರ್ಡ್ ಕಲಿತವನು, ನಮ್ಮ ಮಾರುಕಟ್ಟೆಯಲ್ಲಿ ಕನ್ನಡ ಕಲಿತವನು. ಎರಡನೆಯದರಲ್ಲಿ ಒಳ್ಳೆಯ ಮಾತುಗಳಿಗಿಂತ ಬೈಗುಳ ಹೆಚ್ಚಿದ್ದವು.

ಮೂವರೂ ಸೇರಿ ಕಟ್ಟಿದ ರಾಕ್ ತಂಡದ ಹೆಸರು ‘ಚೆಕ್‌ಪೋಸ್ಟ್’. ಗಿಟಾರು ಮಾದೇಶನದು; ಮೈಸೂರಿನ ಹಳೆ ಸಾಮಾನಿನ ಅಂಗಡಿಯಿಂದ ತಂದದ್ದು. ಒಮ್ಮೆ ತಂತಿ ಹರಿದಾಗ ಅಂಗಡಿಯ ತಾಮ್ರದ ತಂತಿಯನ್ನೇ ಬಿಗಿದು ನೋಡಿದ. ಅದರಿಂದ ಬಂದ ಸದ್ದಿಗೆ ಎದುರಿನ ಹೋಟೆಲಿನವರು ಎದ್ದು ಬಂದು, “ಯಾರ್ಗಾದ್ರೂ ಕರೆಂಟ್ ಒಡೀತೇನ್ಲಾ?” ಎಂದು ಕೇಳಿದರು. ಆಂಪ್ಲಿಫೈಯರನ್ನೂ ಅವನೇ ಜೋಡಿಸಿದ್ದ. ಅದನ್ನು ಚಾಲೂ ಮಾಡಿದರೆ ಬೀದಿಯ ಬಲ್ಬುಗಳು ಒಂದು ಕ್ಷಣ ಕೆಂಪಗಾಗಿ ಆಮೇಲೆ ಸರಿಹೋಗುತ್ತಿದ್ದವು.

ಡಬ್ಬಿಯಲ್ಲಿ ಸಿಕ್ಕಿದ್ದು ಅವರ ಮೊದಲ ಕ್ಯಾಸೆಟ್ಟು. ಮೈಸೂರಿನ ಒಂದು ಸಣ್ಣ ಕ್ಯಾಸೆಟ್ ಕಂಪನಿಯವರು ಒಂದೇ ದಿನದಲ್ಲಿ ಎಂಟು ಹಾಡು ರೆಕಾರ್ಡ್ ಮಾಡಿಸಿದ್ದರು. ಆ ಕಂಪನಿಯ ಮಾಲೀಕರನ್ನು ಎಲ್ಲರೂ ಸಾಹುಕಾರರು ಎನ್ನುತ್ತಿದ್ದುದರಿಂದ ನಾನೂ ಹಾಗೇ ಕರೆಯುತ್ತೇನೆ. ಎಂಟೂ ಮೂರು ಮೂರು ನಿಮಿಷದ ಹಾಡುಗಳು, ಎಲ್ಲವೂ ನಮ್ಮ ಬೀದಿಯ ವಿಷಯ. ಅದರಲ್ಲಿ ಊರೂರು ತಿರುಗಿದ್ದು ‘ಟವಲ್ ಹಾಕು’. ಸಂತೆಯ ದಿನ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವಲ್ ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯ ಕಾನೂನು. ಟವಲ್ ಬಿದ್ದ ಸೀಟಿನಲ್ಲಿ ತಹಶೀಲ್ದಾರರೂ ಕೂರುವಂತಿಲ್ಲ.

*ಕಿಟಕಿಯೊಳಗೆ ಟವಲ್ ಹಾಕು, ಸೀಟು ನಿಂದೇ ಕಣ್ಲಾ*
*ಇಳಿಯೋ ಊರು ಆಮೇಲಾಯ್ತು, ಮೊದಲು ಕುಂತ್ಕೋ ಕಣ್ಲಾ*

ಎಂದು ಮಾದೇಶ ಕೂಗಿದರೆ ಗುಂಡ್ಲುಪೇಟೆಯಿಂದ ಕುದೇರಿನವರೆಗೆ ಹುಡುಗರು ಹೆಗಲ ಮೇಲಿನ ಟವಲ್ ತೆಗೆದು ಗಾಳಿಯಲ್ಲಿ ತಿರುಗಿಸುತ್ತಿದ್ದರು. ಸಲೂನಿನಲ್ಲಿ, ಟೆಂಪೋದಲ್ಲಿ, ಹೋಟೆಲಿನಲ್ಲಿ ಅದೇ ಹಾಡು. ನಾನು ಪತ್ರಿಕೆಯಲ್ಲಿ ಅದರ ಬಗ್ಗೆ ಅರ್ಧ ಕಾಲಂ ಬರೆದೆ. ಆ ಬರಹವನ್ನು ಮಾದೇಶ ಕತ್ತರಿಸಿ ಅಂಗಡಿಯ ಗೋಡೆಗೆ, ವೋಲ್ಟೇಜಿನ ಚಾರ್ಟಿನ ಪಕ್ಕ ಅಂಟಿಸಿದ್ದ.

ಇಷ್ಟಕ್ಕೇ ನಿಂತಿದ್ದರೆ ಅವರೂ ಸುಖವಾಗಿರುತ್ತಿದ್ದರು, ನಾನೂ.

ಊಟಿಗೆ ಹೊರಟಿದ್ದ ಪರದೇಶದ ಗಂಡಹೆಂಡತಿಯ ಜೀಪಿನ ಡೈನಮೊ ನಮ್ಮೂರಿನಲ್ಲಿ ಸುಟ್ಟುಹೋಯಿತು. ಮಾದೇಶ ಅದನ್ನು ಬಿಚ್ಚಿ ಹೊಸದಾಗಿ ಸುತ್ತಿಕೊಟ್ಟ. ಖುಷಿಯಾದ ಅವರು ಹೋಗುವಾಗ ಒಂದು ಕ್ಯಾಸೆಟ್ಟು ಕೊಟ್ಟುಹೋದರು. ಬಿಸಿಲಿಗೆ ಒಣಗಿ ಅದರ ಮೇಲಿನ ಅಕ್ಷರವೆಲ್ಲ ಅಳಿಸಿಹೋಗಿತ್ತು. ಯಾರು ಹಾಡಿದ್ದು, ಯಾವ ದೇಶದ್ದು, ಇವತ್ತಿಗೂ ಗೊತ್ತಿಲ್ಲ. ಮೂರು ದಿನದ ನಂತರ ಅಂಗಡಿಗೆ ಹೋದಾಗ ಮಾದೇಶ ನನ್ನ ರಟ್ಟೆ ಹಿಡಿದು ಕೂರಿಸಿದ.

“ಶಿವಣ್ಣ, ಇದ ಒಸಿ ಕೇಳ್ಲಾ. ಎಲ್ಲೂ ನಿಲ್ಲಿಸ್ನೇ ಇಲ್ಲ ಕಣ. ಒಂದ್ ಕಡೆ ಪೂರ್ತಿ ಒಂದೇ ಪದ.”

“ರೆಕಾರ್ಡ್ ಮಾಡಿದೋನು ನಿಲ್ಲಿಸೋಕೆ ಮರೆತಿರಬೇಕು ಬುಡು.”

“ನಾನೂ ಅಂಗೇ ಅನ್ಕಂಡಿದ್ದಿ. ಮರ್ತಿಲ್ಲ ಕಣ್ಲಾ, ಬೇಕಂತ್ಲೇ ಮಾಡವ್ನೆ. ಎಣಿಸ್ನೋಡು. ಏಳು. ಮತ್ತ ಏಳು. ಇಲ್ನೋಡು, ಐದಾಗೋಯ್ತು. ಆಮೇಕ ಮತ್ತ ಏಳುಕ್ಕೇ ಬತ್ತನ ಅವ್ನು, ಮನಗ ಬಂದಂಗ.”

ಏಳು, ಐದು ಎಂದು ಅವನು ಹೇಳಿದ್ದು ತಾಳದ ಪೆಟ್ಟುಗಳನ್ನು. ಎಣಿಕೆ ಅವನ ಕಸುಬು. ಮೋಟರಿನ ಒಳಗೆ ತಂತಿ ಸುತ್ತುವಾಗ ಒಂದು ಸುತ್ತು ತಪ್ಪಿದರೂ ಪೂರ್ತಿ ಬಿಚ್ಚಿ ಮೊದಲಿನಿಂದ ಸುತ್ತಬೇಕು. ಮಾತಿನ ನಡುವೆ ಮಾದೇಶ ಸುಮ್ಮನಾದರೆ ಕೋಪ ಬಂದಿದೆ ಎಂದಲ್ಲ, ಎಣಿಸುತ್ತಿದ್ದಾನೆ ಎಂದರ್ಥ. ಅವನ ಹೆಂಡತಿಗೆ ಇದು ಅರ್ಥವಾಗಲು ಎರಡು ವರ್ಷ ಬೇಕಾಯಿತಂತೆ.

ಮೈಸೂರಿನ ಕಚೇರಿಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಓದಿ ಬಂದು, ಇಂಥ ಸಂಗೀತಕ್ಕೆ ‘ಪ್ರೊಗ್ರೆಸಿವ್ ರಾಕ್’ ಎನ್ನುತ್ತಾರೆ ಎಂದು ಅವನಿಗೆ ತಿಳಿಸಿದವನು ನಾನೇ.

“ಪ್ರೊಗ್ರೆಸಿವ್ ಅಂದ್ರ? ಪ್ರಗತಿಪರ ರೈತ ಅಂತಾರಲ್ಲ, ಅಂಗಾ?”

“ಅಂಗೇ ಅನ್ಕೊ.”

“ಅಂಗಾರ ನಮ್ಗೂ ಒಂದ್ ಶಾಲು ಒದ್ದಿಸ್ತಾರ ಬುಡು” ಎಂದು ಪುಟ್ಟಸ್ವಾಮಿ ನಕ್ಕ. ನಗು ಮುಗಿದ ಮೇಲೆ ಅವನೇ ತಕರಾರು ತೆಗೆದ. “ಅಣ್ಣೋ, ಈ ಏಳುನ್ನ ಮದ್ವೆ ಮನೇಲಿ ಬಾರ್ಸುದ್ರ ಗಂಡು ಮುಗ್ಗರಿಸಿ ಬೀಳ್ತನ ಕಣಣ್ಣೋ.”

ಆದರೂ ಬಾರಿಸಿದ. ಪ್ರತಿ ಮಂಗಳವಾರ ಅಂಗಡಿಗೆ ರಜೆ. ಬಿಜುವಿನ ಅಪ್ಪನ ಈರುಳ್ಳಿ ಗೋದಾಮಿನಲ್ಲಿ ಅಭ್ಯಾಸ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಹತ್ತಿ ಇಳಿಯುವುದನ್ನು ಹಾಡು ಮಾಡಬೇಕೆಂದು ಮಾದೇಶನ ತಲೆಗೆ ಬಂದಿತ್ತು. ಮಾತು ನಾಲ್ಕೇ ಸಾಲು, ಉಳಿದದ್ದೆಲ್ಲ ವಾದ್ಯ. ಬುಡದ ಬಿಸಿಲು, ತಿರುವು, ತಿರುವಿನಲ್ಲಿ ಸಿಗುವ ಆನೆ ಲದ್ದಿಯ ವಾಸನೆ, ಮೇಲೆ ಹೋದಂತೆ ದಾರಿಯನ್ನೇ ನುಂಗುವ ಮಂಜು, ಅದರೊಳಗೆ ಎಲ್ಲಿಂದಲೋ ಗಂಟೆ. ಲದ್ದಿಯ ವಾಸನೆಯನ್ನು ಗಿಟಾರಿನಲ್ಲಿ ಹೇಗೆ ತರುತ್ತೀಯ ಎಂದು ನಾನು ಕೇಳಿದ್ದುಂಟು. ಅವನು ಎಣಿಸುತ್ತಿದ್ದ. ಇಪ್ಪತ್ತು ನಿಮಿಷ ದಾಟಿದ ಆ ಹಾಡಿನ ಕೊನೆಯಲ್ಲಿ ಬಿಜುವಿನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಭಾವಪರವಶನಾಗಿದ್ದಾನೆಂದು ನಾನು ಹತ್ತಿರ ಹೋದರೆ, “ಉಳ್ಳಿ, ಉಳ್ಳಿ” ಎಂದು ಈರುಳ್ಳಿ ಮೂಟೆ ತೋರಿಸಿದ. ಆಮೇಲೆ ಕಣ್ಣೊರೆಸಿಕೊಂಡು, “ಮಾದೇಶ ಚೇಟ್ಟಾ, ಪಾಟ್ಟು ಕೊಳ್ಳಾಂ. ಆದ್ರೆ ಮುಗಿಯೋದು ಎಪ್ಪೋ?” ಎಂದ. ಹಾಡು ಚೆನ್ನಾಗಿದೆ, ಮುಗಿಯುವುದು ಯಾವಾಗ ಎಂದು.

ಸಾಹುಕಾರರೂ ಅದನ್ನೇ ಕೇಳಿದರು. ಅವರು ಕೆಟ್ಟ ಮನುಷ್ಯರಲ್ಲ. ಎರಡನೇ ಕ್ಯಾಸೆಟ್ಟಿನ ಒಂದು ಕಡೆ ಪೂರ್ತಿ ಬೆಟ್ಟದ ಹಾಡು ಇರಬೇಕೆಂದು ಮಾದೇಶ ಹಟ ಹಿಡಿದಾಗ ಅವರು ನ್ಯಾಯವಾದ ಷರತ್ತನ್ನೇ ಹಾಕಿದರು: ಮೊದಲು ಜನರ ಮುಂದೆ ನುಡಿಸಿ, ಜನ ಕೂತು ಕೇಳಿದರೆ ನಾನು ರೆಕಾರ್ಡ್ ಮಾಡಿಸುತ್ತೇನೆ. ಚಾಮರಾಜನಗರದ ಒಂದು ಯುವಕ ಸಂಘದ ವಾರ್ಷಿಕೋತ್ಸವ ಹತ್ತಿರದಲ್ಲಿತ್ತು. ಅಲ್ಲೇ ಆಗಲಿ ಎಂದಾಯಿತು. ತಮಗೆ ಬರಲು ಆಗುವುದಿಲ್ಲ, ಹೇಗೂ ಮಾರನೇ ದಿನದ ಪೇಪರಿನಲ್ಲಿ ನೋಡುತ್ತೇನೆ ಎಂದು ಸಾಹುಕಾರರು ಹೇಳಿದರಂತೆ.

ಮಾದೇಶ ಅದನ್ನು ತಿಳಿಸಲು ನನ್ನ ಮನೆಗೇ ಬಂದ. ಎಂದೂ ಏನನ್ನೂ ಕೇಳದವನು.

“ಒಗಳಿ ಬರಿ ಅನ್ನಲ್ಲ ಕಣ್ಲಾ. ಜನ ಎದ್ದೋದ್ರ ಎದ್ದೋದ್ರು ಅಂತ್ಲೇ ಬರಿ. ಕುಂತಿದ್ರ ಕುಂತಿದ್ರು ಅಂತ ಬರಿ. ಕಂಡದ್ದ ಬರಿ, ಅಷ್ಟೇಯ.”

“ಅದು ನನ್ನ ಕೆಲಸಾನೇ ಅಲ್ವೇನೋ” ಎಂದೆ, ಸ್ವಲ್ಪ ಬೀಗಿಕೊಂಡೇ.

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಆಗ ಸುದ್ದಿ ಹೋಗುತ್ತಿದ್ದುದು ಬಸ್ಸಿನಲ್ಲಿ. ವರದಿ ಬರೆದು ಲಕೋಟೆಗೆ ಹಾಕಿ, ಸಂಜೆ ಐದರ ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಮೈಸೂರಿನ ನಿಲ್ದಾಣದಲ್ಲಿ ಪತ್ರಿಕೆಯವರು ತೆಗೆದುಕೊಳ್ಳುತ್ತಿದ್ದರು. ಆ ಬಸ್ಸು ತಪ್ಪಿದರೆ ಸುದ್ದಿ ಒಂದು ದಿನ ತಡ. ಆದರೆ ನಮ್ಮ ಕಡೆಯ ಸಮಾರಂಭಗಳು ಐದಕ್ಕೆ ಮೊದಲು ಕಾವೇರಿದ್ದನ್ನು ಯಾರೂ ಕಂಡಿಲ್ಲ. ಆದ್ದರಿಂದ ನಾವು ‘ಕಾರ್ಡ್ ವರದಿ’ ಬರೆಯುತ್ತಿದ್ದೆವು. ಎದುರಿಗೆ ಆಹ್ವಾನ ಪತ್ರಿಕೆ ಇಟ್ಟುಕೊಂಡು, ‘ಉದ್ಘಾಟಿಸುವರು’ ಎಂದಿದ್ದರೆ ‘ಉದ್ಘಾಟಿಸಿದರು’, ‘ಅಧ್ಯಕ್ಷತೆ ವಹಿಸುವರು’ ಎಂದಿದ್ದರೆ ‘ವಹಿಸಿದ್ದರು’ ಎಂದು ಬರೆದು ಮಧ್ಯಾಹ್ನವೇ ಮುಗಿಸುವುದು. ಡೆಸ್ಕಿನವರು ಕೇಳುತ್ತಿರಲಿಲ್ಲ, ನಾವು ಹೇಳುತ್ತಿರಲಿಲ್ಲ. ಒಮ್ಮೆ ಬೇಗೂರಿನ ಸಹಕಾರಿ ಸಮಾರಂಭಕ್ಕೆ ಬರಬೇಕಿದ್ದ ಮುಖ್ಯ ಅತಿಥಿ ಜ್ವರ ಬಂದು ಮೈಸೂರಿನಲ್ಲೇ ಉಳಿದುಬಿಟ್ಟರು. ನನ್ನ ವರದಿಯಲ್ಲಿ ಅವರು ಸಾವಯವ ಗೊಬ್ಬರದ ಬಗ್ಗೆ ಹನ್ನೆರಡು ಸಾಲು ಮಾತಾಡಿದ್ದರು. ಮರುವಾರ ಸಿಕ್ಕಿದ ಅವರು, “ನನ್ನ ಭಾಷಣ ಚೆನ್ನಾಗಿ ಬರೆದಿದ್ದೀರಿ” ಎಂದು ಕೈ ಕುಲುಕಿದರು. ಈ ಕಥೆ ಹೇಳಿ ನಾನು ಎಷ್ಟೋ ಮಂದಿಯನ್ನು ನಗಿಸಿದ್ದೇನೆ. ಮಾದೇಶನ ಮುಂದೆ ಮಾತ್ರ ಹೇಳಿಲ್ಲ.

ಆ ಭಾನುವಾರ ಕಾರ್ಯಕ್ರಮ ಮೂರಕ್ಕೆ ಎಂದಿತ್ತು. ಮೂರಕ್ಕೆ ಶುರುವಾದರೆ ನೋಡಿಯೇ ಬರೆಯುವುದು, ಯಾವುದಕ್ಕೂ ಒಂದು ಕರಡು ಕೈಯಲ್ಲಿರಲಿ ಎಂದು ಮಧ್ಯಾಹ್ನ ಹೋಟೆಲಿನಲ್ಲಿ ಊಟ ಮಾಡಿ ನೋಟ್‌ಬುಕ್ಕಿನಲ್ಲಿ ಕಾರ್ಡ್ ವರದಿ ಬರೆದೆ. ಅತಿಥಿಗಳು ಆದ ಮೇಲೆ ಕೊನೆಯ ಪ್ಯಾರಾ ಚೆಕ್‌ಪೋಸ್ಟ್ ತಂಡದ್ದು. ‘ಟವಲ್ ಹಾಕು ಗೀತೆಗೆ ಯುವಜನರು ಟವಲ್ ಬೀಸಿ ಕುಣಿದರು’ ಎಂದು ಬರೆದು ಮುಗಿಸಿದೆ. ಬೆಟ್ಟದ ಹಾಡನ್ನು ನುಡಿಸುತ್ತಾರೆಂದು ಗೊತ್ತಿತ್ತು. ಆದರೆ ಜನ ಟವಲ್ ಹಾಡನ್ನು ಹಾಡಿಸದೆ ಬಿಡುತ್ತಾರೆಯೇ? ಎಲ್ಲಿಯಾದರೂ ಒಂದು ಕಡೆ ಹಾಡುತ್ತಾರೆ, ಜನ ಕುಣಿಯುತ್ತಾರೆ, ವರದಿ ಸುಳ್ಳಾಗುವುದಿಲ್ಲ. ಬೆಟ್ಟದ ಹಾಡಿನ ಸುದ್ದಿಯನ್ನು ಮಾರನೇ ದಿನ ಬೇರೆಯಾಗಿ ಬರೆದರಾಯಿತು. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡು ನೋಟ್‌ಬುಕ್ಕಿನಿಂದ ಹಾಳೆಗೆ ಪ್ರತಿ ಮಾಡಿಟ್ಟುಕೊಂಡೆ.

ಅತಿಥಿಗಳು ಬಂದದ್ದು ನಾಲ್ಕಕ್ಕೆ. ಭಾಷಣ ಮುಗಿಯುವ ಲಕ್ಷಣವಿರಲಿಲ್ಲ. ಐದಕ್ಕೆ ಹತ್ತು ನಿಮಿಷವಿದ್ದಾಗ ನಾನು ಕಲ್ಯಾಣ ಮಂಟಪದಿಂದ ಹೊರಟೆ. ಬಾಗಿಲಲ್ಲಿ ಮಾದೇಶ ತಂತಿ ಬಿಗಿಯುತ್ತ ನಿಂತಿದ್ದ.

“ಎತ್ತಗ್ಲಾ ಒಂಟ್ಬುಟ್ಟೆ?”

“ಬಸ್‌ಸ್ಟ್ಯಾಂಡ್ ತನಕ. ಬಂದೆ ಇರು.”

“ಟೀ ಕುಡಿಯಕಾ? ಬ್ಯಾಗ ಬಾ. ಮುಂದ್ಗಡೆ ಚೇರು ನಿಂಗ ಮಡಗಿಸಿವ್ನಿ.”

ಕಂಡಕ್ಟರಿಗೆ ಲಕೋಟೆ ಕೊಟ್ಟೆ. ಕೊಡದೆ ಇರಬಹುದಿತ್ತು. ಆದರೆ ಎದುರು ಪತ್ರಿಕೆಯವನ ಲಕೋಟೆ ಆಗಲೇ ಕಂಡಕ್ಟರನ ಕೈಯಲ್ಲಿತ್ತು. ನನ್ನನ್ನು ಕಾಯಂ ವರದಿಗಾರನನ್ನಾಗಿ ಮಾಡುವ ಮಾತು ಆ ತಿಂಗಳಲ್ಲೇ ನಡೆದಿತ್ತು. ಈ ಎರಡು ಕಾರಣಗಳನ್ನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ತೂಗಿ ನೋಡಿದ್ದೇನೋ. ಒಮ್ಮೆಯೂ ಸಾಕಷ್ಟು ಭಾರವೆನಿಸಿಲ್ಲ.

ವಾಪಸು ಬಂದು ಮುಂದಿನ ಸಾಲಿನಲ್ಲಿ ಕೂತೆ. ಐದೂಕಾಲಿಗೆ ಶುರುವಾಯಿತು. ಮೊದಲ ಐದು ನಿಮಿಷ ಜನ ಅದನ್ನು ಹಾಡೆಂದೇ ತಿಳಿಯಲಿಲ್ಲ. “ಇನ್ನೂ ಶ್ರುತಿ ಕೂಡಿಸ್ತಾವ್ರ” ಎಂದು ಹಿಂದೆ ಯಾರೋ ಹೇಳಿದರು. ಆಮೇಲೆ ಹಿಂದಿನ ಸಾಲಿನಿಂದ ಕೂಗು ಬಂತು: “ಟವಲ್ ಆಕ್ರಲಾ!” ಒಬ್ಬ ಕೂಗಿದ್ದು ಹತ್ತು ಜನವಾಯಿತು, ಐವತ್ತಾಯಿತು. “ಟವಲ್! ಟವಲ್!” ಮಾದೇಶ ತಲೆ ಎತ್ತಲಿಲ್ಲ. ಆದರೆ ಪುಟ್ಟಸ್ವಾಮಿಯ ಕೈ ನಿಧಾನವಾಗಿ ಆ ಕೂಗನ್ನೇ ಹಿಡಿಯಿತು. ಜನ ಕೂಗಿದ ಪೆಟ್ಟಿಗೇ ಅವನೂ ಬಾರಿಸಿದ. ಮಾದೇಶ ತಿರುಗಿ ಅವನನ್ನು ನೋಡಿದ, ನಕ್ಕ. ಆಮೇಲೆ ಏನೋ ಆಯಿತು. ಕೂಗುವವರಿಗೆ ಎಲ್ಲಿ ಕೂಗಬೇಕೆಂಬುದೇ ತಪ್ಪಿಹೋಯಿತು. ಒಬ್ಬೊಬ್ಬರಾಗಿ ಸುಮ್ಮನಾದರು. ಕೂಗು ಡ್ರಮ್ಮಿನಲ್ಲಿ ಮಾತ್ರ ಉಳಿಯಿತು, ಅದರ ಮೇಲೆ ಬಿಜುವಿನ ಕೀಬೋರ್ಡಿನ ಮಂಜು ಇಳಿಯಿತು. ಗೋದಾಮಿನಲ್ಲಿ ನಾನು ಎಷ್ಟೋ ಸಲ ಕೇಳಿದ್ದ ಹಾಡಿನಲ್ಲಿ ಈ ಭಾಗ ಇರಲೇ ಇಲ್ಲ. ಅದು ಅಲ್ಲಿ, ಆಗ, ಆ ಜನರ ಬಾಯಿಂದಲೇ ಹುಟ್ಟಿದ್ದು. ಅರ್ಧ ಸಭೆ ಎದ್ದುಹೋಗಿತ್ತು. ಉಳಿದ ಅರ್ಧ ಅಲುಗಾಡಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ವಯಸ್ಸಾದವರೊಬ್ಬರು, ಕಂಸಾಳೆ ಮೇಳದವರಂತೆ, ಮಂಡಿಯ ಮೇಲೆ ಹೆಬ್ಬೆರಳಿನಿಂದ ಏಳು ಎಣಿಸುತ್ತಿದ್ದರು.

ಮುಗಿದಾಗ ಚಪ್ಪಾಳೆ ಬೀಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅಡುಗೆಯವನು, “ಆಯ್ತಾ? ಇನ್ನೊಸಿ ಅದೇನೋ ಅಂತ ನಿಂತಿದ್ದಿ” ಎಂದ. ಆಮೇಲೆ ಚಪ್ಪಾಳೆ ಬಂತು. ಟವಲ್ ಹಾಡನ್ನು ಅವರು ಅವತ್ತು ಹಾಡಲೇ ಇಲ್ಲ. ಯಾರೂ ಕೇಳಲೂ ಇಲ್ಲ.

ಮಂಟಪದ ಎದುರಿಗೇ ಎಸ್‌ಟಿಡಿ ಬೂತು. ಸಂಘದವರ ಊಟ ಮುಗಿದಾಗ ಏಳೂವರೆ; ಪುಟ ಕಟ್ಟಲು ಇನ್ನೂ ಎರಡು ಗಂಟೆ ಇತ್ತು. ಹೋಗಿ ಡೆಸ್ಕಿಗೆ ಫೋನ್ ಮಾಡಿದೆ. ಹಿರಿಯ ಉಪಸಂಪಾದಕರು ಎತ್ತಿಕೊಂಡರು.

“ಹೇಳ್ರೀ ಶಿವಣ್ಣ. ನಿಮ್ಮ ಕಾಪಿ ಈಗ ಬಂತು. ಟವಲ್ ಬೀಸಿದ್ದು ಚೆನ್ನಾಗಿದೆ, ಅದನ್ನೇ ತಲೆಬರಹ ಮಾಡಿ ಬಾಕ್ಸ್ ಹಾಕ್ತಿದೀನಿ. ಏನಾದರೂ ಬದಲಾವಣೆ ಇದೆಯಾ?”

ಬೂತಿನ ಗಾಜಿನಾಚೆ ಪುಟ್ಟಸ್ವಾಮಿ ಡ್ರಮ್ಮುಗಳನ್ನು ಟೆಂಪೋಗೆ ಏರಿಸುತ್ತಿದ್ದ. ಇದೆ ಎಂದರೆ, ನೀವು ಕಾರ್ಯಕ್ರಮ ನೋಡದೆ ಬರೆದಿರಾ ಎಂದು ಕೇಳುತ್ತಾರೆ. ಇಷ್ಟು ದಿನ ಅವರೂ ಕೇಳದೆ ನಾವೂ ಹೇಳದೆ ನಡೆದುಬಂದದ್ದನ್ನು ನಾನು ಬಾಯಿಬಿಟ್ಟು ಹೇಳಬೇಕಾಗುತ್ತದೆ.

“ಏನಿಲ್ಲ ಸರ್. ಲಕೋಟೆ ತಲುಪಿತಾ ಅಂತ ಕೇಳೋಣ ಅಂತ” ಎಂದೆ.

ಸೋಮವಾರ ಬಾಕ್ಸಿನಲ್ಲಿ ಬಂತು. ಸಾಹುಕಾರರು ಓದಿದರು. ಮಾದೇಶ ಮೈಸೂರಿಗೆ ಹೋಗಿ, ನಾವು ಆ ಹಾಡನ್ನು ಹಾಡಲೇ ಇಲ್ಲ ಎಂದು ಹೇಳಿದರೆ ಅವರು ಪತ್ರಿಕೆಯನ್ನು ಮಡಿಸಿ ಅವನ ಮುಂದಿಟ್ಟರಂತೆ. “ಪೇಪರ್‌ನವರಿಗೆ ಸುಳ್ಳು ಹೇಳಿ ಏನಾಗಬೇಕಪ್ಪ? ಜನಕ್ಕೆ ಟವಲ್ ಬೇಕು. ನಿನಗೆ ಬೆಟ್ಟ ಬೇಕು.”

ಅವನು ಅಲ್ಲಿಂದ ನೇರ ನನ್ನಲ್ಲಿಗೆ ಬಂದ. ಜಗಳವಾಡಲು ಬಂದಿರಲಿಲ್ಲ. ನನ್ನ ಮೇಲೆ ಅವನಿಗೆ ಸಂಶಯವೇ ಇರಲಿಲ್ಲ.

“ನೀ ಬರ್ದದ್ದ ಅಲ್ಲಿ ಯಾರೋ ಬದ್ಲಾಯಿಸ್ಬುಟ್ಟವ್ರೆ, ಅಲ್ವಾ?”

“ಹೂಂ” ಎಂದೆ. “ಡೆಸ್ಕಿನವರು.”

“ಅಂಗೇ ಅನ್ಕಂಡಿ. ತಪ್ಪಾಗದ ಅಂತ ಎಲ್ಡ್ ಗೆರೆ ಆಕ್ಸು. ಸಾವ್ಕಾರ್ರು ಪೇಪರ್ನೇ ನಂಬೋದು.”

“ಇಂಥದ್ದಕ್ಕೆಲ್ಲ ತಿದ್ದುಪಡಿ ಹಾಕೋ ಪದ್ಧತಿ ಇಲ್ಲ ಮಾದೇಶ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಅವತ್ತು ಎಣಿಸುತ್ತಿರಲಿಲ್ಲ ಎಂದು ನನಗೆ ಗೊತ್ತು. “ಓಗ್ಲಿ ಬುಡು, ನೀ ಏನ್ ಮಾಡಿಯೇ” ಎಂದು ನನ್ನ ಬೆನ್ನು ತಟ್ಟಿ ಹೋದ. ಬೈದಿದ್ದರೆ ವಾಸಿಯಿತ್ತು.

ಎರಡನೇ ಕ್ಯಾಸೆಟ್ಟು ಬಂತು. ಹತ್ತು ಹಾಡು, ಹತ್ತೂ ಮೂರು ನಿಮಿಷದವು. ಬಸ್ಸಿನ ಹಾಡಿದ್ದಂತೆ ಲಾರಿಯ ಹಾಡು, ಟವಲ್ ಇದ್ದಂತೆ ಲುಂಗಿ. ಮನಸ್ಸಿಲ್ಲದೆ ಹಾಡಿದ್ದು ಟೇಪಿನಲ್ಲೂ ಕೇಳುತ್ತದೆ. ಸಲೂನಿನವರೂ ಒಂದು ವಾ‌ರ ಹಾಕಿ ತೆಗೆದರು. ಬಿಜು ಕೊಲ್ಲಿ ದೇಶಕ್ಕೆ ದುಡಿಯಲು ಹೋದ. ಪುಟ್ಟಸ್ವಾಮಿ ಮದುವೆಗಳಿಗೆ ಮರಳಿದ. ನಾನು ಕಾಯಂ ವರದಿಗಾರನಾದೆ. ಬೆಟ್ಟದ ಹಾಡು ಇಂದಿಗೂ ಯಾವ ಟೇಪಿನಲ್ಲೂ ಇಲ್ಲ.

ಇರಬಹುದಿತ್ತು. ನಾಲ್ಕು ವರ್ಷ ಕಳೆದು, ಚಾಮರಾಜನಗರ ಜಿಲ್ಲೆಯಾಗಿ, ನಾನು ಅಲ್ಲಿಯ ಕಚೇರಿಯಲ್ಲಿ ಕೂರುತ್ತಿದ್ದಾಗ ಒಂದು ಬೆಳಿಗ್ಗೆ ಮಾದೇಶ, ಪುಟ್ಟಸ್ವಾಮಿ ಇಬ್ಬರೂ ಬಂದರು. ಮಾದೇಶನ ಮುಖದಲ್ಲಿ ಹಳೆಯ ಉತ್ಸಾಹ.

“ಬಿಜು ಬತ್ತಾವ್ನೆ ಕಣ್ಲಾ, ಹತ್ ದಿನ ರಜ. ಮೈಸೂರಲ್ಲಿ ನಮ್ ಗಿರಾಕಿ ಒಬ್ರು ರೆಕಾರ್ಡಿಂಗ್ ರೂಮ್ ಮಾಡವ್ರೆ. ಬನ್ನಿ, ಬೆಟ್ಟ ಮಾಡ್ಕೊಡ್ತೀನಿ ಅಂದವ್ರೆ. ಸಾವ್ಕಾರ್ರೂ ಬ್ಯಾಡ, ಯಾರೂ ಬ್ಯಾಡ.”

“ಇನ್ನೇನು ಮತ್ತೆ? ಮಾಡಿ!”

“ಆ ಮಧ್ಯದ್ದು ಸಿಕ್ತಿಲ್ಲ ಕಣ. ಜನ ಕೂಗುದ್ರಲ್ಲ, ಅದು. ಎಂಟ್ ನಿಮ್ಸ ಇತ್ತೋ ಏನೋ. ಅಲ್ಲಿಂದ ಏಳುಕ್ಕ ಎಂಗ್ ವಾಪಸ್ ಬಂದೋ ಅಂತ ಗೊತ್ತಾಯ್ತಿಲ್ಲ. ಇವ್ನು ಅನ್ನೊಂದ್ರಲ್ಲಿ ಬಂದೋ ಅಂತನ.”

“ಅನ್ನೊಂದೇ ಕಣಣ್ಣ” ಎಂದ ಪುಟ್ಟಸ್ವಾಮಿ.

“ಅದಿಮೂರು ಕಣ್ಲಾ. ಅನ್ನೊಂದಾದ್ರ ಗಂಟೆ ಎಲ್ಲಿ ಬೀಳ್ತದ?” ಮಾದೇಶ ನನ್ನ ಕಡೆ ತಿರುಗಿದ. “ಅದಿಲ್ದೆ ಮಾಡುದ್ರ ಬೆಟ್ಟ ಅತ್ತಿ ಗುಡಿಗೋಗ್ದೆ ಇಳ್ದಂಗ. ನೀನು ಮುಂದ್ಗಡೆ ಕುಂತಿದ್ದೆ. ಕೈಲಿ ನೋಟ್‌ಬುಕ್ ಇತ್ತು, ನಾನ್ ನೋಡಿವ್ನಿ. ಎಲ್ಲಿ ಯಾರ್ ಕೂಗುದ್ರು, ಎಷ್ಟೊತ್ತು ಕೂಗುದ್ರು, ಏನ್ ಕಂಡ್ರೂ ಬರ್ಕತೀಯಲ್ಲ ನೀನು. ಒಂದ್ ಅಕ್ಷರ ಸಿಕ್ಕುದ್ರ ಸಾಕು, ಇಡ್ಕಂಡ್ಬುಡ್ತೀನಿ.”

ನಾನು ನೋಟ್‌ಬುಕ್ಕುಗಳನ್ನು ವರ್ಷ, ತಿಂಗಳ ಪ್ರಕಾರ ಜೋಡಿಸಿಟ್ಟುಕೊಂಡವನು. ಅದು ನನಗೊಂದು ಹೆಮ್ಮೆ. ಯಾವ ದಿನದ್ದು ಬೇಕಾದರೂ ಎರಡು ನಿಮಿಷದಲ್ಲಿ ತೆಗೆಯಬಲ್ಲೆ. ಆ ಹೆಮ್ಮೆಯಲ್ಲೇ ಬೀರು ತೆರೆದು ಆ ತಿಂಗಳ ನೋಟ್‌ಬುಕ್ಕನ್ನು ಎಳೆದೆ. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಅದನ್ನು ಎತ್ತಿಕೊಳ್ಳುತ್ತ ಪುಸ್ತಕವನ್ನು ಮಾದೇಶನ ಕೈಗೆ ಕೊಟ್ಟೆ, ನೀನೇ ನೋಡು ಎಂದು. ಜಿಲ್ಲಾ ಕಚೇರಿಯಿಂದ ಯಾರೋ ಸಭೆಯ ಸಮಯ ಹೇಳುತ್ತಿದ್ದರು. ಬರೆದುಕೊಳ್ಳುತ್ತಿದ್ದಾಗ ನೆನಪಾಯಿತು. ನೆನಪಾದಾಗ ತಡವಾಗಿತ್ತು.

ಆ ಭಾನುವಾರದ ಪುಟದಲ್ಲಿ ‘ಮಧ್ಯಾಹ್ನ 1.30, ಹೋಟೆಲ್’ ಎಂದು ಮೇಲೆ ಬರೆದಿತ್ತು. ಎಲ್ಲಿ, ಎಷ್ಟು ಗಂಟೆಗೆ ಬರೆದದ್ದೆಂದು ಗುರುತು ಹಾಕುವುದು ನನ್ನ ಶಿಸ್ತು. ಕೆಳಗೆ ಅತಿಥಿಗಳ ಹೆಸರು. ಅದರ ಕೆಳಗೆ ನನ್ನದೇ ದುಂಡನೆ ಅಕ್ಷರದಲ್ಲಿ, ಯುವಜನರು ಟವಲ್ ಬೀಸಿ ಕುಣಿದರು. ಮುಂದಿನ ಪುಟದಲ್ಲಿ ಸೋಮವಾರದ ಪ್ರತಿಭಟನೆ. ನಡುವೆ ಒಂದು ಗೆರೆಯೂ ಇರಲಿಲ್ಲ. ವರದಿ ಹೋದ ಮೇಲೆ ಬರೆದುಕೊಳ್ಳುವುದೇನಿದೆ ಎಂದು ಆ ಸಂಜೆ ನಾನು ಪೆನ್ನನ್ನೇ ತೆಗೆದಿರಲಿಲ್ಲ. ಆ ಎಂಟು ನಿಮಿಷ ನಾನು ಹಾಡನ್ನು ಎಣಿಸಲಿಲ್ಲ. ಬಸ್ಸು ಬದನವಾಳು ದಾಟಿತೋ, ನಂಜನಗೂಡು ಸೇರಿತೋ ಎಂದು ಗಡಿಯಾರ ನೋಡುತ್ತಿದ್ದೆ.

ಫೋನ್ ಇಟ್ಟೆ. ಮಾದೇಶ ಪುಟ ಮಗುಚಿದ, ಮತ್ತೆ ಹಿಂದಕ್ಕೆ ಮಗುಚಿದ. ಗಂಟೆ ಬರೆದಿದ್ದ ಜಾಗದಲ್ಲಿ ಅವನ ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತ್ತು.

“ಏನಂತ ಬರ್ದದಣ್ಣ? ಅನ್ನೊಂದಾ, ಅದಿಮೂರಾ?” ಎಂದ ಪುಟ್ಟಸ್ವಾಮಿ.

ಮಾದೇಶ ನೋಟ್‌ಬುಕ್ಕನ್ನು ಮುಚ್ಚಿ, ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿ ಇಟ್ಟ. ನನ್ನ ಕಡೆ ನೋಡಲಿಲ್ಲ.

“ಏನಿಲ್ಲ, ನಡಿ ಓಗನ” ಎಂದ. “ಇವ್ನು ಅವತ್ತು ಅಲ್ಲಿರ್ನೇ ಇಲ್ಲ ಕಣ.”